ತೆಂಗಿನೆಣ್ಣೆಗೆ ಮಾತಾಡಿದ ಮಾವ

ಭಟ್ಕಳದಿಂದ ಕುಮಟೆಯವರೆಗೆ, ಮಾತಾಡುವುದಕ್ಕೆಂದೇ ಸರ್ಕಾರದಿಂದ ಲೈಸೆನ್ಸ್ ಪಡೆದವನು ನನಗೆ ತಿಳಿದಂತೆ ಒಬ್ಬನೇ. ಅವನು ನನ್ನ ಸೋದರಮಾವ. ಇಷ್ಟೂ ದಾರಿಯಲ್ಲಿ ಮಾತಾಡದೆ ಇರುವವನೂ ಅವನೊಬ್ಬನೇ! ಉಳಿದ ನಾವೆಲ್ಲ ಲೈಸೆನ್ಸ್ ಇಲ್ಲದೆ ಮಾತಾಡುವವರು. ಅನುಮಾನವಿದ್ದರೆ ಮಂಕಿಯಲ್ಲಿ ಕುಮಟೆ ಬಸ್ಸು ಹತ್ತಿ ನೋಡಿ. ಶರಾವತಿ ಸೇತುವೆ ದಾಟುವುದರೊಳಗೆ ಪಕ್ಕದ ಸೀಟಿನವರ ಸೊಸೆಯ ಸ್ವಭಾವ ನಿಮಗೆ ಪೂರ್ತಿ ತಿಳಿಯದಿದ್ದರೆ ನಾನು ಚರ್ಚಾಸ್ಪರ್ಧೆಗೆ ಹೋಗುವುದನ್ನೇ ಬಿಟ್ಟುಬಿಡುತ್ತೇನೆ.

ಇದು ಸಣ್ಣ ಪಂಥವಲ್ಲ. ವಾದ ಮಾಡುವುದು ನನಗೆ ಊಟದಷ್ಟೇ ಅಗತ್ಯ. ಗೆದ್ದು ತಂದ ಕಪ್ಪುಗಳಲ್ಲಿ ಒಂದರೊಳಗೆ ಅಮ್ಮ ಕಲ್ಲುಪ್ಪು ತುಂಬಿಟ್ಟಿದ್ದಾಳೆ. ಉಳಿದವಕ್ಕೆ ಆ ಭಾಗ್ಯವೂ ಇಲ್ಲ. ಯಾರು ಏನು ಹೇಳಿದರೂ "ಆಧಾರ ಏನು?" ಎಂದು ಕೇಳುವ ನನ್ನನ್ನು ಮಾವ ಕರೆಯುವುದು "ವಕೀಲಮ್ಮ" ಎಂದು. ದಿನಕ್ಕೆ ಅವನು ಆಡುವ ನಾಲ್ಕಾರು ಮಾತುಗಳಲ್ಲಿ ಅದೂ ಒಂದು.

ಮಾವನ ಲೈಸೆನ್ಸ್ ಹ್ಯಾಮ್ ರೇಡಿಯೋದ್ದು. ಮನೆಯಲ್ಲೇ ಕುಳಿತು, ತಂತಿಯಿಲ್ಲದೆ, ಎಲ್ಲೆಲ್ಲಿಯವರೊಡನೆಯೋ ಮಾತಾಡುವ ಹವ್ಯಾಸ. ಹೊಟ್ಟೆಪಾಡಿಗೆ ಅವನು ಮೀನುಗಾರಿಕೆ ಬೋಟುಗಳ ವಯರ್‌ಲೆಸ್ ಸೆಟ್ ರಿಪೇರಿ ಮಾಡುತ್ತಾನೆ. ಸಮುದ್ರದ ನಡುವೆ ನಿಂತವರ ಗಂಟಲು ಸರಿಮಾಡುವ ಈ ಮಹಾಶಯ, ಮಂಕಿಯ ತನ್ನ ಮನೆಯಲ್ಲಿ ಒಬ್ಬನೇ ಕುಳಿತು ವರ್ಷಗಟ್ಟಲೆ ತನ್ನ ರೇಡಿಯೋದಲ್ಲಿ ಒಂದು ನಮಸ್ಕಾರವನ್ನೂ ಹೇಳಿರಲಿಲ್ಲ. ಏಕೆ? ರೇಡಿಯೋ ಇನ್ನೂ ಶುದ್ಧವಾಗಿಲ್ಲವಂತೆ! ನಮ್ಮಲ್ಲಿ ಮಡಿಗೆ ಹೀಗೂ ಒಂದು ಶಾಖೆ ಉಂಟು ಎಂದು ನನಗೆ ಗೊತ್ತಾದದ್ದು ಆಗಲೇ.

ಅವನದು ಅಂಗಡಿಯಲ್ಲಿ ಸಿಗುವ ಜಾತಿಯ ರೇಡಿಯೋ ಅಲ್ಲ, ಸಾಫ್ಟ್‌ವೇರ್ ರೇಡಿಯೋ. ಧ್ವನಿಯನ್ನು ಅಲೆಯಾಗಿಸುವ ಲೆಕ್ಕವನ್ನೆಲ್ಲ ಕಂಪ್ಯೂಟರ್ ಮಾಡುತ್ತದೆ. ಆಮೇಲೆ ಅಂಗೈಯಗಲದ ಒಂದು ಬೋರ್ಡು, ಅದರ ಮುಂದೆ ಮಾವನೇ ಬೆಸುಗೆ ಹಾಕಿದ ಆಂಪ್ಲಿಫೈಯರ್. ಇದಕ್ಕೊಂದು ಪರೀಕ್ಷೆಯಿದೆ. ಏಕಕಾಲಕ್ಕೆ ಎರಡು ಸ್ವರ ಕೊಡಬೇಕು. ಎದುರಿಗಿಟ್ಟ ಇನ್ನೊಂದು ಪೆಟ್ಟಿಗೆ ಅದನ್ನು ಕೇಳಿಸಿಕೊಂಡು, ಏನೇನು ಬಂತು ಎಂದು ಪರದೆಯ ಮೇಲೆ ಬಿಡಿಸಿ ತೋರಿಸುತ್ತದೆ. ಎರಡು ಸ್ವರ ಎರಡು ತೆಂಗಿನಮರಗಳ ಹಾಗೆ ನಿಲ್ಲಬೇಕು. ನಿಂತಿದ್ದವು ಕೂಡ. ಆದರೆ ಅವುಗಳ ಆಚೆಈಚೆ, ಯಾರೂ ನೆಡದ ಸಸಿಗಳು!

"ಇವು ಎಲ್ಲಿಂದ ಬಂದ್ವು ಮಾವಾ?"

"ಎರಡು ಸ್ವರ ಒಳಗೆ ಒಂದಕ್ಕೊಂದು ಸಿಕ್ಕಾಕ್ಕಂಡು ಹುಟ್ಟಿದ್ದು. ಇಂಟರ್‌ಮಾಡ್ಯುಲೇಶನ್ ಡಿಸ್ಟಾರ್ಶನ್. ನಾವು ಕೊಟ್ಟದ್ದಲ್ಲ, ಅದೇ ಮಾಡ್ಕಂಡದ್ದು."

"ಅಂದ್ರೆ ಇಬ್ರು ಒಟ್ಟಿಗೆ ಮಾತಾಡಿದ್ರೆ ಯಾರೂ ಆಡದ ಮತ್ತೆರಡು ಮಾತು ಹುಟ್ಟೂದು! ಇದನ್ನ ಅಳೆಯೂಕೆ ಯಂತ್ರ ಎಂತಕ್ಕೆ? ಕುಮಟೆ ಮೀನುಪೇಟೆಲಿ ನಿಂತ್ರೆ ಸಾಕಲ್ದಾ?"

ಮಾವ ನಗಲಿಲ್ಲ. "ಪೇಟೆಲಿ ಅದು ಯಾರ ಮೇಲೆ ಹೋಗಿ ಬಿತ್ತು ಅಂತ ಯಾರೂ ನೋಡೂದಿಲ್ಲ. ಇಲ್ಲಿ ನೋಡ್ಬೇಕು."

ಈ ಹಟದ ಮೂಲ ಅಮ್ಮನಿಗೆ ಗೊತ್ತಿತ್ತು. ಲೈಸೆನ್ಸ್ ಬಂದ ಹೊಸತರಲ್ಲಿ, ಮೊದಲ ರೇಡಿಯೋ ಕಟ್ಟಿ, ಇಸ್ತ್ರಿ ಅಂಗಿ ಹಾಕಿಕೊಂಡು (ರೇಡಿಯೋದಲ್ಲಿ ಅಂಗಿ ಕಾಣುತ್ತದೆಯೇ? ಆದರೂ!) ಮಾವ ಮೊದಲ ಸಲ ಕರೆ ಕೊಟ್ಟನಂತೆ. ದೂರದಿಂದ ಒಂದು ಧ್ವನಿ ಉತ್ತರಿಸಿತು. ಬಹಳ ವಿನಯದಿಂದಲೇ ಉತ್ತರಿಸಿತು: ನಿಮ್ಮ ಸಿಗ್ನಲ್ ಆಚೆಈಚೆ ಚೆಲ್ಲುತ್ತಿದೆ, ನಮ್ಮ ಮಾತು ನಮಗೇ ಕೇಳುತ್ತಿಲ್ಲ, ದಯವಿಟ್ಟು ಬಂದ್ ಮಾಡಿ. ಮಾವ "ಸಾರಿ" ಎಂದ. ಬಂದ್ ಮಾಡಿದ. ಆಂಟೆನಾದ ಕೇಬಲ್ಲನ್ನು ಕಿತ್ತು ಬದಿಗಿಟ್ಟ. ಸಸಿಗಳು ಹೋಗುವ ತನಕ ತುಟಿ ಬಿಚ್ಚುವುದಿಲ್ಲ ಎಂದುಕೊಂಡ.

ಆಮೇಲೆ ಅವನ ಸಿಗ್ನಲ್ ಹೋಗುತ್ತಿದ್ದುದು ಎಲ್ಲಿಗೆ? ಪರೀಕ್ಷೆ ಮಾಡುವಾಗ ಊರಿಗೆಲ್ಲ ತೊಂದರೆಯಾಗಬಾರದೆಂದು ಆಂಟೆನಾದ ಜಾಗಕ್ಕೆ ಒಂದು ರೆಸಿಸ್ಟರ್ ಸಿಕ್ಕಿಸುತ್ತಾರೆ. ಬಂದ ಸಿಗ್ನಲ್ಲನ್ನು ಅದು ನುಂಗಿ ಬಿಸಿಯಾಗುತ್ತದೆ. ತಣ್ಣಗಿರಲೆಂದು ಅದನ್ನು ಎಣ್ಣೆಯಲ್ಲಿ ಮುಳುಗಿಸಿಡಬೇಕು. ಬಲ್ಲವರು ಟ್ರಾನ್ಸ್‌ಫಾರ್ಮರ್ ಎಣ್ಣೆ ಹಾಕುತ್ತಾರಂತೆ. ಮಂಕಿಯವನು, ಸುತ್ತ ತೆಂಗಿನ ತೋಟ ಇಟ್ಟುಕೊಂಡವನು, ಏನು ಹಾಕಿಯಾನು? ಮುಚ್ಚಳದ ಡಬ್ಬ ತುಂಬ ತೆಂಗಿನೆಣ್ಣೆ! ಪರೀಕ್ಷೆ ಶುರುವಾದರೆ ಬಿಸಿ ಎಣ್ಣೆಯ ಪರಿಮಳ ಬೇಲಿ ದಾಟುತ್ತಿತ್ತು. ಒಂದು ಸಲ ಬೇಲಿಯಾಚೆಯ ಬಾಯಮ್ಮ ಕುತ್ತಿಗೆ ಉದ್ದ ಮಾಡಿ ಕೇಳಿಯೇಬಿಟ್ಟರು.

"ಎಂತದಾ ತಮ್ಮಾ, ದಿನಾ ಎಣ್ಣೆ ಕಾಸೂ ವಾಸ್ನೆ. ನಿನ್ನ ಮನೆಲಿ ಯಾರದಾ ಬಾಣಂತನ?"

ಮದುವೆಯೇ ಆಗದವನ ಮನೆಯಲ್ಲಿ!

ಹಾಗೆಂದು ಮದುವೆಯ ಪ್ರಯತ್ನ ನಡೆಯದೆ ಇರಲಿಲ್ಲ. ತೆಂಗಿನಗುಂಡಿ ಬಂದರಿನ ಕಡೆಯಿಂದ ಬೋಟಿನ ಯಜಮಾನರೊಬ್ಬರು ಮಗಳಿಗೆಂದು ಇವನನ್ನು ನೋಡಲು ಬಂದರು. ಅಮ್ಮನೂ ನಾನೂ ಕುಮಟೆಯಿಂದ ಹೋಗಿ ಚಹಾ, ಶಿರಾ ಮಾಡಿದ್ದೆವು. ಯಜಮಾನರು ಕೊಠಡಿಯ ತುಂಬ ಹರಡಿದ ಪೆಟ್ಟಿಗೆಗಳನ್ನು ನೋಡಿ ಮೆಚ್ಚಿಕೊಂಡರು.

"ಇದ್ರಾಗೆ ಎಲ್ಲೀವರೆಗೆ ಮಾತಾಡ್ತ್ರಿ?"

"ಇನ್ನೂ ಮಾತಾಡ್ಲಿಲ್ಲ. ಅಳೀತಾ ಇದ್ದೆ."

"ಓಹೋ. ಈಗ ತಕ್ಕಂಡದ್ದಾ?"

"ಇಲ್ಲ, ಸುಮಾರು ವರ್ಷ ಆತು."

ಯಜಮಾನರು ಬಸಿಯಲ್ಲಿದ್ದ ಚಹಾ ಮುಗಿಸಿ, ಹೊರಗೆ ಬಂದು, ಚಪ್ಪಲಿ ಮೆಟ್ಟುತ್ತ ಅಮ್ಮನಿಗೆ ಮೆಲ್ಲಗೆ ಹೇಳಿದರು: "ಹುಡ್ಗ ಒಳ್ಳೆಯವ ಅಕ್ಕಾ. ಆದ್ರೆ ನಮ್ಮ ಹುಡ್ಗಿನ್ನೂ ಹೀಗೇ ಅಳೀತಾ ಕೂತ್ರೆ ಕಷ್ಟ."

ಬಸ್ಸಿನಲ್ಲಿ ನಾನು ಕುಮಟೆಯ ತನಕ ನಕ್ಕೆ. ಅಮ್ಮ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು.

ಇವನನ್ನು ವಾದದಲ್ಲಿ ಸೋಲಿಸಿಯಾದರೂ ಮಾತಾಡಿಸಬೇಕೆಂದು ನಾನು ಹೊರಟದ್ದು ಮೊನ್ನೆ ಒಂದು ಭಾನುವಾರ. ಮಧ್ಯಾಹ್ನ, ಅವನೇ ಮಾಡಿದ ಬಂಗಡೆ ಸಾರು, ಅನ್ನ. ಅವನ ಮನೆಯಲ್ಲಿರುವುದು ಒಂದೇ ಊಟದ ತಟ್ಟೆ. ಅದನ್ನು ನನಗೆ ಕೊಟ್ಟು ತಾನು ಪಾತ್ರೆಯ ಮುಚ್ಚಳದಲ್ಲಿ ಉಣ್ಣುತ್ತಿದ್ದ. ನನಗೆ ರೇಡಿಯೋ ವಿದ್ಯೆ ಬರುವುದಿಲ್ಲ. ಆದರೆ ಚರ್ಚಾಸ್ಪರ್ಧೆಯ ಹಳೆಯ ಉಪಾಯವೊಂದು ಬರುತ್ತದೆ: ವಿಷಯ ತಿಳಿಯದಿದ್ದರೆ ಎದುರಾಳಿಯ ಸಾಕ್ಷಿಯನ್ನು ಹಿಡಿದು ಜಗ್ಗು!

"ಆರೋಪಿ ಯಾರು ಮಾವಾ?"

"ನನ್ನ ಟ್ರಾನ್ಸ್‌ಮಿಟರ್."

"ಸಾಕ್ಷಿ?"

"ಕೇಳೂ ಪೆಟ್ಗಿ."

"ನೀ ರೇಡಿಯೋ ಎಷ್ಟೋ ಸಲ ಬದಲಿಸ್ದೆ. ಸಾಕ್ಷಿನ ಒಂದು ಸಲನಾದ್ರೂ ಬದಲಿಸಿದ್ಯಾ?"

"ಇಲ್ಲ. ಅದೇ ಪೆಟ್ಗಿ."

"ಅದು ಸುಳ್ಳು ಹೇಳೂದಿಲ್ಲ ಅಂತ ಯಾರು ಹೇಳಿದ್ದು?"

ಮಾವನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಎದ್ದ. ಕೈ ತೊಳೆದ. ಡ್ರಾವರಿನಿಂದ ಬೆರಳುದ್ದದ ಒಂದು ಹಿತ್ತಾಳೆ ತುಂಡು ತೆಗೆದ. ಸಿಗ್ನಲ್ಲಿನ ಜೋರು ತಗ್ಗಿಸುವ ಸಾಧನ ಅದು. ಅದನ್ನು ಕೇಳುವ ಪೆಟ್ಟಿಗೆಯ ಬಾಯಿಗೆ ಸಿಕ್ಕಿಸಿ, ಎರಡೂ ಸ್ವರ ಕೊಟ್ಟ. ಪರದೆಯ ಮೇಲೆ ಮರಗಳು ತುಸು ತಗ್ಗಿದವು. ಸಸಿಗಳೂ ಅಷ್ಟೇ ತಗ್ಗಿದ್ದರೆ ತಪ್ಪು ಟ್ರಾನ್ಸ್‌ಮಿಟರಿನದೇ. ಆದರೆ ಅವು ಬೇರುಸಮೇತ ಮಾಯವಾದವು! ಜೋರಾಗಿ ಬಂದ ಸ್ವರ ತಡೆಯಲಾರದೆ ಕೇಳುವ ಪೆಟ್ಟಿಗೆಯೇ ತನ್ನೊಳಗೆ ಸಸಿ ಬೆಳೆಸಿಕೊಂಡಿತ್ತು. ಹೇಳುವವನ ಬಾಯಿ ಎಂದೋ ಶುದ್ಧವಾಗಿತ್ತು. ಕೆಟ್ಟದ್ದು ಕೇಳುವವನ ಕಿವಿ.

"ಗೆದ್ದೆ!" ಎಂದು ನಾನು ಸಾರಿನ ಕೈಯನ್ನೇ ಮೇಲೆತ್ತಿದೆ. ಮಾವ ಮಾತ್ರ ಗೆದ್ದವನ ಹಾಗೆ ಕಾಣಲಿಲ್ಲ. ಅಲ್ಲಿಗೆ ಸುಮ್ಮನಾಗುವುದು ನನಗೆ ಬರಬೇಕಲ್ಲ!

"ಕಿವಿದೂ ತಪ್ಪಿರ್ತದೆ ಅಂತ ನಿಂಗೆ ಗೊತ್ತೇ ಇರ್ಲಿಲ್ವಾ?"

"ಗೊತ್ತಿತ್ತು. ಬೋಟಿನ ಸೆಟ್ ನೋಡೂವಾಗ ದಿನಾ ಇದನ್ನ ಹಾಕ್ತೆ."

"ಮತ್ತೆ ನಿಂದಕ್ಕೆ ಎಂತಕ್ಕೆ ಹಾಕ್ಲಿಲ್ಲ?"

ಅವನು ಆ ತುಂಡನ್ನು ಬಿಚ್ಚಿಕೊಂಡು ಬೆರಳಲ್ಲಿ ತಿರುಗಿಸುತ್ತ ಕುಳಿತ.

"ಸಸಿ ಇಲ್ಲ ಅಂತ ಆದ್ರೆ, ಆಮೇಲೆ ಮಾತಾಡ್ಲೇ ಬೇಕಾಗ್ತದಲ್ಲ ಮಗಾ."

ಎತ್ತಿದ ಸಾರಿನ ಕೈಯನ್ನು ಇಳಿಸಿ, ತೊಳೆದು ಬಂದೆ.

ಆದರೂ ಅವನು ಎದ್ದ. ಎಣ್ಣೆ ಡಬ್ಬದಿಂದ ಕೇಬಲ್ ಬಿಚ್ಚಿದ. ಎರಡು ತೆಂಗಿನಮರಗಳ ನಡುವೆ ಕಟ್ಟಿದ ಆಂಟೆನಾದ ಪ್ಲಗ್ಗು ಉಪ್ಪುಗಾಳಿಗೆ ಹಸಿರುಗಟ್ಟಿತ್ತು. ಅಂಗಿಯ ತುದಿಯಿಂದ ಉಜ್ಜಿ ಸಿಕ್ಕಿಸಿದ. ಅಂಗಿ ಇಸ್ತ್ರಿಯದಲ್ಲ. ಮೈಕು ಹಿಡಿದು, ಲೈಸೆನ್ಸಿನ ಜೊತೆ ಸಿಕ್ಕ ತನ್ನ ಕರೆಗುರುತು ಹೇಳಿ, ಕೇಳುತ್ತಿರುವವರು ಯಾರಾದರೂ ಉತ್ತರಿಸಿ ಎಂದ. ಹೇಳಿ ಗುಂಡಿ ಬಿಟ್ಟ. ರೇಡಿಯೋ ಸುಯ್ಯೆಂದಿತು. ಮತ್ತೆ ಕರೆದ. ಮತ್ತೆ ಸುಯ್ಯೆಂದಿತು. ಯಾರೂ ಬರಲಿಲ್ಲ. ಬಂದ್ ಮಾಡಿ ಎಂದು ಬಯ್ಯುವುದಕ್ಕೂ ಒಬ್ಬರು ಬರಲಿಲ್ಲ.

ಹೊರಡುವಾಗ ಒಂದು ಪುಟ್ಟ ರಿಸೀವರ್ ನನ್ನ ಕೈಗಿಟ್ಟ. "ಕುಮಟೆಲಿ ಹ್ಯಾಂಗೆ ಕೇಳ್ತದೆ, ಫೋನ್ ಮಾಡಿ ಹೇಳು."

ಮಾರನೆಯ ಸಂಜೆ ಮಹಡಿ ಹತ್ತಿ ಅವನ ಕರೆ ಕೇಳಿ, ಫೋನ್ ಮಾಡಿದೆ. "ಸ್ಪಷ್ಟ ಉಂಟು ಮಾವಾ. ಆಚೆಈಚೆ ಎಂತದೂ ಚೆಲ್ಲಲಿಲ್ಲ."

"ಹೌದಾ," ಎಂದ. ಆಮೇಲೆ, "ಯಾರಾದ್ರೂ ಉತ್ತರ ಕೊಟ್ರಾ? ನಂಗೇ ಕೇಳ್ಲಿಲ್ವೇನ ಅಂತ."

"ಇಲ್ಲ ಮಾವಾ. ನಾನೇ ಲೈಸೆನ್ಸಿನ ಪರೀಕ್ಷೆ ಕಟ್ತೆ. ಪುಸ್ತಕ ಕೊಡು."

"ನಿಂಗೆ ಮಾತಾಡೂಕೆ ಲೈಸೆನ್ಸಾ? ಸರ್ಕಾರಕ್ಕೆ ತಲೆ ಕೆಟ್ಟದಾ ವಕೀಲಮ್ಮ?" ಎಂದು ನಕ್ಕ. ಅವನು ಗಟ್ಟಿಯಾಗಿ ನಕ್ಕದ್ದನ್ನು ನಾನು ಮೊದಲ ಸಲ ಕೇಳಿದ್ದು ಫೋನಿನಲ್ಲೇ.

ಪುಸ್ತಕ ಬಂದಿದೆ, ಓದುತ್ತಿದ್ದೇನೆ. ಪರೀಕ್ಷೆಯಾಗಿ ಲೈಸೆನ್ಸ್ ಬರುವ ತನಕ ನಾನು ಕೇಳಬಹುದು, ಉತ್ತರಿಸುವ ಹಾಗಿಲ್ಲ. ಸಂಜೆ ಬೋಟಿನ ಕೆಲಸ ಮುಗಿಸಿ ಬಂದು ಮಾವ ಕರೆ ಕೊಡುತ್ತಾನೆ. ಕರೆದಾದ ಮೇಲೆ ಎದುರಿನವರು ಮಾತಾಡಲೆಂದು ಸ್ವಲ್ಪ ಹೊತ್ತು ಜಾಗ ಬಿಟ್ಟು ಕಾಯುತ್ತಾನೆ. ಆ ಖಾಲಿ ಜಾಗ ಮುಗಿಯುವ ಮೊದಲು, ಕುಮಟೆಯ ಮಹಡಿಯ ಮೇಲೆ ರಿಸೀವರ್ ಹಿಡಿದು ನಿಂತ ನಾನು, ಮೈಕಿಲ್ಲದೆ, ಲೈಸೆನ್ಸಿಲ್ಲದೆ, ಯಾರಿಗೂ ತೊಂದರೆಯಾಗದ ಹಾಗೆ, ಗಟ್ಟಿಯಾಗಿ ಹೇಳುತ್ತೇನೆ:

"ಹಾಂ ಮಾವಾ, ಹೇಳು."