ಪಿಟೀಲು ಮೇಷ್ಟ್ರ ಹೀಟರು

ಜಗಳ ಶುರುವಾದದ್ದು ಕೆಳಮನೆಯ ದರ್ಜಿಯ ಬಲ್ಬಿನಿಂದ. ಮೇಲ್ಮಹಡಿಯ ಪಿಟೀಲು ಮೇಷ್ಟ್ರು ಹೀಟರ್ ಹಾಕಿದಾಗಲೆಲ್ಲ ಅದು ಮಂಕಾಗುತ್ತಿತ್ತು. ಅವತ್ತು ದರ್ಜಿ ಗುಂಡಿ ಹೊಲಿಯುತ್ತಿದ್ದಾಗಲೇ ಮಂಕಾಗಿ, ಸೂಜಿ ಬೆರಳಿಗೆ ಚುಚ್ಚಿತು. ಅವನು ನೆಟ್ಟಗೆ ಓನರಮ್ಮನ ಬಾಗಿಲು ತಟ್ಟಿದ.

ಓನರಮ್ಮನದು ಒಂದೇ ಕಾನೂನು: ಬಾಡಿಗೆಯವರು ಸಾವಿರ ವ್ಯಾಟ್ ಮೀರಿದ ಸಾಮಾನು ಇಟ್ಟುಕೊಳ್ಳುವಂತಿಲ್ಲ. ಮೇಷ್ಟ್ರ ಹೀಟರೋ ಸೆಕೆಂಡ್ ಹ್ಯಾಂಡ್. ಎಷ್ಟು ವ್ಯಾಟ್ ಎಂಬ ಬರಹ ಅದರ ಮೈಮೇಲಿಂದ ಎಂದೋ ಅಳಿಸಿಹೋಗಿತ್ತು.

"ಸಾವಿರದೊಳಗೆ ಅಂತ ತೋರಿಸಿ, ಇಟ್ಕೊಳ್ಳಿ. ಇಲ್ಲಾಂದ್ರೆ ಸಂಜೆ ನನ್ನ ಮನೆಗೆ ತಂದಿಡಿ," ಎಂದರು ಓನರಮ್ಮ.

ಮೇಷ್ಟ್ರಿಗೆ ನಾಳೆಯೇ ಕಾರ್ಯಕ್ರಮ. ಈ ಚಳಿಗೆ ಬೆರಳು ಮರಗಟ್ಟಿದರೆ ಅಭ್ಯಾಸ ಮಾಡುವುದು ಹೇಗೆ? ಕೂಡಲೇ ಅಕ್ಕನಿಗೆ ಫೋನ್ ಮಾಡಿದರು. ಅಕ್ಕ ಹೈಸ್ಕೂಲಿನ ವಿಜ್ಞಾನದ ಟೀಚರ್. ಅವರು ಪಾಠ ಹೇಳಿದರೆ ಕಲ್ಲಿಗೂ ಅರ್ಥವಾಗಬೇಕು, ಅಂಥ ಟೀಚರ್.

ಅಕ್ಕ ಕರೆಂಟು ಅಳೆಯುವ ಮೀಟರ್ ಹಿಡಿದು ಬರುವಷ್ಟರಲ್ಲಿ ಮೇಷ್ಟ್ರ ಕೋಣೆಯಲ್ಲಿ ಅರ್ಧ ಕಟ್ಟಡವೇ ಸೇರಿತ್ತು.

ಅಕ್ಕ ಹೀಟರ್ ಹಾಕಿ ಮೀಟರ್ ಹಚ್ಚಿದರು. "ನೋಡಿ, ವೋಲ್ಟ್ ಅಂದ್ರೆ ಕರೆಂಟನ್ನ ಹಿಂದಿನಿಂದ ತಳ್ಳೋ ಜೋರು. ಇಲ್ಲಿ ಇನ್ನೂರಿದೆ. ಆಂಪಿಯರ್ ಅಂದ್ರೆ ಹರಿಯೋ ಕರೆಂಟು, ಅದು ನಾಲ್ಕಿದೆ. ಎರಡನ್ನೂ ಗುಣಿಸಿ."

"ಎಂಟುನೂರು!" ಓನರಮ್ಮ ಥಟ್ಟನೆ ಹೇಳಿದರು.

"ಅದೇ ವ್ಯಾಟು."

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ದರ್ಜಿಯ ಮುಖ ಸಪ್ಪಗಾಯಿತು. ಅಕ್ಕ ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಒಳ್ಳೆಯ ಟೀಚರಿಗೆ ಕೇಳುವ ಕಿವಿ ಸಿಕ್ಕಿದರೆ ನಿಲ್ಲಿಸುವುದುಂಟೆ?

"ಈಗ ಇನ್ನೂರನ್ನ ನಾಲ್ಕರಿಂದ ಭಾಗಿಸಿ. ಐವತ್ತು ಓಮ್. ಅದು ಹೀಟರು ಕರೆಂಟಿಗೆ ಒಡ್ಡೋ ತಡೆ. ಅದರ ಹುಟ್ಟುಗುಣ, ಬದಲಾಗಲ್ಲ. ಅಂದ ಹಾಗೆ, ಇಲ್ಲಿ ಇನ್ನೂರ ಮೂವತ್ತು ವೋಲ್ಟ್ ಬರ್ಬೇಕಿತ್ತು. ಎಲ್ಲೋ ತಂತಿ ಸಡಿಲ ಆಗಿದೆ. ಬಲ್ಬು ಮಂಕಾಗೋದೂ ಅದಕ್ಕೇ. ಮೊದ್ಲು ರಿಪೇರಿ ಮಾಡಿಸಿ, ಬೆಂಕಿ ಗಿಂಕಿ ಹತ್ಕೊಂಡೀತು."

ಎಲೆಕ್ಟ್ರಿಷಿಯನ್ ಬಂದು ಮೀಟರ್ ಬೋರ್ಡಿನ ತಂತಿ ಬಿಗಿ ಮಾಡಿದ. ದರ್ಜಿಯ ಬಲ್ಬು ಮದುವೆಮನೆಯ ಹಾಗೆ ಬೆಳಗಿತು. ಎಲ್ಲರೂ ಅಕ್ಕನನ್ನು ಹೊಗಳಿದ್ದೇ ಹೊಗಳಿದ್ದು. ಹೀಟರೂ ಎಂದಿಗಿಂತ ಕೆಂಪಗೆ ಕಾದು, ಮೇಷ್ಟ್ರ ಬೆರಳುಗಳು ಸಲೀಸಾಗಿ ಓಡತೊಡಗಿದವು.

ಆಗ ಓನರಮ್ಮ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು.

"ಟೀಚರಮ್ಮಾ, ಇದು ಸರೀನಾ ಹೇಳಿ. ತಡೆ ಅದೇ ಐವತ್ತು. ಈಗ ವೋಲ್ಟ್ ಇನ್ನೂರ ಮೂವತ್ತು. ಭಾಗಿಸಿದ್ರೆ ನಾಲ್ಕು ಪಾಯಿಂಟ್ ಆರು ಆಂಪಿಯರ್. ಮತ್ತೆ ಇನ್ನೂರ ಮೂವತ್ತರಿಂದ ಗುಣಿಸಿದ್ರೆ ಸಾವಿರದ ಐವತ್ತೆಂಟು!"

ಮೇಷ್ಟ್ರ ಕಮಾನು ತಂತಿಯ ಮೇಲೇ ನಿಂತಿತು. "ಅಕ್ಕಾ..." ಎಂದು ಕಣ್ಣಲ್ಲೇ ಬೇಡಿಕೊಂಡರು. ಅಕ್ಕ ಮೀಟರ್ ಹಚ್ಚಿ ನೋಡಿದರು. ಅವರ ಮುಖ ಹೂವಿನಂತೆ ಅರಳಿತು.

"ಶಭಾಷ್! ನನ್ನ ಕ್ಲಾಸಲ್ಲಿ ಇಷ್ಟು ಬೇಗ ಯಾರೂ ಕಲಿತಿಲ್ಲ!"

"ಐವತ್ತೆಂಟೇ ತಾನೇ ಜಾಸ್ತಿ?" ಮೇಷ್ಟ್ರು ಗೊಣಗಿದರು.

"ಲೆಕ್ಕ ಅಂದ್ಮೇಲೆ ಲೆಕ್ಕ ಕಣೋ," ಎಂದು ಅಕ್ಕ ತಾವೇ ಪ್ಲಗ್ ಕಿತ್ತರು.

ಆ ಸಂಜೆ ಕೆಳಗೆ ಓನರಮ್ಮನ ಮನೆಯಲ್ಲಿ ಎರಡನೆಯ ಪಾಠ ನಡೆಯಿತು. ಗುರು ಶಿಷ್ಯೆಯರಿಬ್ಬರೂ ಮೇಷ್ಟ್ರ ಹೀಟರಿನ ಮುಂದೆ ಬೆಚ್ಚಗೆ ಕೂತಿದ್ದರು. ಮೇಲೆ ಮೇಷ್ಟ್ರು ಬೆರಳಿಗೆ ಉಸಿರು ಊದಿಕೊಳ್ಳುತ್ತಿದ್ದರು.