ಒಲೆಗೊಂದು ತೊಟ್ಟಿ

ಸರ್ಕಾರದೋರು ಏನೋ ಬಿಟ್ಟಿ ಕೊಡ್ತಾರಂತೆ ಅಂತ ಸುದ್ದಿ ಬಂದ್ರೆ ಸಾಕು, ನಮ್ಮ ಬೀದಿಗೆ ಟೀವಿನೇ ಬೇಕಾಗಲ್ಲ. ಕೆಂಗೇರಿ ದಾಟಿದ್ರೆ ನಮ್ಮೂರು. ರಸ್ತೆ ಆ ಕಡೆ ಅಪಾರ್ಟ್‌ಮೆಂಟು, ಈ ಕಡೆ ಇನ್ನೂ ಪಂಚಾಯ್ತಿ. ಅದಕ್ಕೇ ಮಳೆನೀರು ಹಿಡಿಯೋ ತೊಟ್ಟಿಗೆ ಸಹಾಯಧನ ಬಂದಿದ್ದು ನಮಗೆ. ನಾನು ಚಾಡಿ ಹೇಳೋಳಲ್ಲ. ಆದ್ರೆ ಪಕ್ಕದ ಮನೆಗೂ ನಮಗೂ ಒಂದೇ ಗೋಡೆ. ಕಿವಿ ಮುಚ್ಕೊಂಡು ಪಾತ್ರೆ ತೊಳೆಯೋಕಾಗುತ್ತಾ?

ಫಲ

ಆ ಮನೇಲಿ ಅತ್ತೆ, ಮಗ, ಸೊಸೆ. ಇರೋ ಒಂದು ನಲ್ಲಿಗೆ ಅತ್ತೆ ಬೀಗ ಹಾಕ್ತಾಳೆ. ಸೊಸೆ ಮುಖ ತೊಳೆಯೋಕೂ ಕೇಳ್ಬೇಕು. ಆ ಹುಡುಗಿಗೆ ಇದ್ದಿದ್ದು ಒಂದೇ ಆಸೆ, ತನ್ನದೇ ಅಂತ ಒಂದು ತೊಟ್ಟಿ.

ಪಂಚಾಯ್ತಿ ಸಾಹೇಬ್ರು ಬಂದು, "ಈ ಮನೇಲಿ ಫಲಾನುಭವಿ ಯಾರಮ್ಮ?" ಅಂದ್ರು.

ಅತ್ತೆ ಸೆರಗು ಬಾಯಿಗೆ ಒತ್ಕೊಂಡ್ಲು. "ಎಲ್ಲಿ ಸಾರ್ ಫಲ! ಮದುವೆಯಾಗಿ ಇಷ್ಟು ದಿನ ಆದ್ರೂ..."

"ಅಮ್ಮಾ, ನಾನು ಕೇಳಿದ್ದು ನೀರಿನ ವಿಷಯ."

"ನೀರಾ? ಅರಳಿಮರಕ್ಕೆ ಸುರಿದಿದ್ದೇ ಸುರಿದಿದ್ದು ಸಾರ್. ಮರ ಚಿಗುರ್ತು, ಇವಳು ಚಿಗುರ್ಲಿಲ್ಲ!"

ನನ್ನ ಸ್ಟೌವು

ರೂಲು ಏನಪ್ಪಾ ಅಂದ್ರೆ, ಒಲೆಗೊಂದು ತೊಟ್ಟಿ. ಬೇರೆ ಒಲೆ ಉರೀತಿದ್ರೆ ಬೇರೆ ಸಂಸಾರ. ಅತ್ತೆಗೆ ಎರಡು ತೊಟ್ಟಿ ಹೊಡ್ಕೊಳ್ಳೋ ಆಸೆ, ಸೊಸೆಗೆ ಅದ್ರಲ್ಲೊಂದರ ಆಸೆ. ಜನ್ಮದಲ್ಲಿ ಮೊದಲ ಸಲ ಇಬ್ರೂ ಒಂದಾದ್ರು, ಬೇರೆಯಾಗೋಕೆ!

"ಆಂಟಿ, ನಿಮ್ಮ ಹಳೇ ಸ್ಟೌವ್ ಕೊಡಿ" ಅಂತ ಸೊಸೆ ಇಸ್ಕೊಂಡು ಹೋಗಿ ಹಿತ್ತಲ ಕೋಣೇಲಿ ಅನ್ನಕ್ಕಿಟ್ಲು.

"ಅಮ್ಮಾ, ನಾನೆಲ್ಲಿ ಉಣ್ಲಿ?" ಅಂದ ಮಗ.

"ಸಾಹೇಬ್ರ ಮುಂದೆ ಅವಳ ಕಡೆ, ಅವರು ಹೋದ್ಮೇಲೆ ನನ್ನ ಕಡೆ."

ಅಭ್ಯಾಸಕ್ಕೆ ಅಂತ ಅವತ್ತೇ ಎರಡು ಕಡೆನೂ ಉಂಡು ತೇಗ್ದ. "ಬೇರೆಯಾಗೋದು ಚೆನ್ನಾಗೇ ಇದೆ ಕಣಮ್ಮ!"

ರಾಜಿ

ಸಾಹೇಬ್ರು ಪರೀಕ್ಷೆಗೆ ಬಂದ್ರು. ಅತ್ತೆ ಎದೆ ಬಡ್ಕೊಂಡು, "ನನ್ನ ಮಗನ್ನ ಬುಟ್ಟಿಗೆ ಹಾಕ್ಕೊಂಡ್ಲು ಸಾರ್!" ಅಂತ ಶುರು ಮಾಡಿದ್ಲು. ಸೊಸೆ, "ತಲೆ ತುಂಬ ಸೀಗೆಪುಡಿ ಮೆತ್ಕೊಂಡಿದ್ದಾಗ ನಲ್ಲಿಗೆ ಬೀಗ ಹಾಕಿದ್ರು ಸಾರ್!" ಅಂದು ಗೊಳೋ ಅಂತ ಅತ್ಲು. ಅದು ನಾಟಕದಲ್ಲಿ ಇಲ್ಲದ ಮಾತು. ಅತ್ತೆ ಸೊಂಟದ ಬೀಗದಕೈನ ಸೆರಗಲ್ಲಿ ಮುಚ್ಕೊಂಡ್ಲು.

ಸಾಹೇಬ್ರಿಗೆ ಕಣ್ಣಲ್ಲಿ ನೀರು. ಶೂ ಬಿಚ್ಚಿ ಚಾಪೆ ಮೇಲೆ ಕೂತು ರಾಜಿಗಿಳಿದ್ರು. ನಲ್ಲಿ ಬೀಗದಕೈ ಅತ್ತೆ ಸೊಂಟದಿಂದ ಸೊಸೆ ಕೈಗೆ ಕೊಡಿಸಿದ್ರು. "ಇನ್ಮೇಲೆ ಒಂದೇ ಒಲೆ, ಒಂದೇ ತೊಟ್ಟಿ. ಖುಷಿಯಾಗಿರಿ."

"ಅಯ್ಯೋ ಸಾರ್, ನಾವು ನಿಜವಾಗ್ಲೂ ಬೇರೆ!" ಅಂತ ಅತ್ತೆ ಚೀರಿದ್ಲು.

"ಸುಮ್ನಿರಮ್ಮ, ಸಿಟ್ಟಲ್ಲಿ ಎಲ್ರೂ ಹಾಗೇ ಅನ್ನೋದು."

ಅವರು ಗೇಟು ದಾಟಿದ್ರೋ ಇಲ್ವೋ, ನಿಜವಾದ ಜಗಳ ಹತ್ಕೊಳ್ತು. ಈಗ ತೊಟ್ಟಿ ಒಂದೇ, ಒಲೆ ಮಾತ್ರ ನಿಜವಾಗ್ಲೂ ಎರಡು. ಅಡಿಗೆಮನೆ, ತೊಟ್ಟಿ, ನಲ್ಲಿ ಬೀಗದಕೈ ಸೊಸೇದು. ಹಿತ್ತಲ ಕೋಣೆ ಅತ್ತೇದು. ಸೊಸೇನ ನೀರು ಕೇಳೋಕೆ ಅತ್ತೆಗೆ ಬಿಗುಮಾನ, ಬಿಂದಿಗೆ ಹಿಡ್ಕೊಂಡು ನನ್ನ ಬಾಗಿಲಿಗೆ ಬರ್ತಾಳೆ.

"ನೀರು ಕೊಡ್ತೀನಿ. ಮೊದಲು ನನ್ನ ಸ್ಟೌವ್ ವಾಪಸ್ ಕೊಡು" ಅಂದೆ.

"ಹೆಂಗೆ ಕೊಡ್ಲೇ? ಅದ್ರ ಮೇಲೆ ನನ್ನ ಸಾರು ಕುದೀತಿದೆ!"