ಮೊಳೆಗೊಂದು ಮುಖ

ನೆಲಕ್ಕಾಗಿ ಕಾದಾಡಿದವರಿದ್ದಾರೆ, ಕಿರೀಟಕ್ಕಾಗಿ ಕಾದಾಡಿದವರಿದ್ದಾರೆ. ಅಷ್ಟೇ ಗಂಭೀರವಾದ ಇನ್ನೊಂದು ವಿಷಯವನ್ನು ಇಲ್ಲಿ ದಾಖಲಿಸಬೇಕಾಗಿದೆ. ಅದು ಶಾಲೆಯ ಹೆಡ್‌ಮಿಸ್ ಕೋಣೆಯ ಗೋಡೆಯಲ್ಲಿದ್ದ ಒಂದು ಮೊಳೆ.

ಕೆಟ್ಟುಹೋದ ಗಡಿಯಾರವನ್ನು ಇಳಿಸಿದಂದಿನಿಂದ ಮೊಳೆ ಖಾಲಿಯಿತ್ತು. ಬಂದವರು ಕುರ್ಚಿಯಲ್ಲಿ ಕೂತರೆ ಕಣ್ಣು ಹೋಗುವುದು ಅಲ್ಲಿಗೇ. ಇಂದಲ್ಲ ನಾಳೆ ಅಲ್ಲಿ ತಾವು ಬರೆದದ್ದೊಂದು ಚಿತ್ರ ತೂಗೀತೆಂದು ಡ್ರಾಯಿಂಗ್ ಮೇಷ್ಟ್ರು ಕಾದಿದ್ದರು. ಆ ಬೆಳಿಗ್ಗೆ ಗುಮಾಸ್ತರು, ಬೇರೆಯವರ ಸಂಕಟವನ್ನು ಮೊದಲು ತಿಳಿಸುವವರ ಸುಖದಲ್ಲಿ, ಸುದ್ದಿ ತಂದರು.

"ಮೊಳೆ ಹೋಯ್ತು ಮೇಷ್ಟ್ರೇ. ಗಣಿತದ ಸಾರ್‌ದು ಫೋಟೋ ಹಾಕ್ತಾರಂತೆ. ಲೆಕ್ಕದ ಸ್ಪರ್ಧೇಲಿ ಗೆದ್ದ ಕಪ್ ಹಿಡ್ಕೊಂಡಿರೋದು. ಸಂಜೆಗೆ ಬರುತ್ತೆ."

ಗಣಿತದ ಮೇಷ್ಟ್ರು ಬಂದು ವರ್ಷವೂ ತುಂಬಿರಲಿಲ್ಲ. ಹಣೆಗೆ ಬೀಳುವ ಗುಂಗುರು ಕೂದಲು, ಗದ್ದದಲ್ಲೊಂದು ಗುಳಿ. ಹೋದ ವಾರ ಅವರು ಡ್ರಾಯಿಂಗ್ ಪಿರಿಯಡ್ಡನ್ನು ಲೆಕ್ಕಕ್ಕೆ ಎರವಲು ಕೇಳಿದಾಗ ಮಕ್ಕಳು ಚಪ್ಪಾಳೆ ತಟ್ಟಿದ್ದರು. ಲೆಕ್ಕಕ್ಕೆ ಚಪ್ಪಾಳೆ! ಅಂದಿನಿಂದ ಡ್ರಾಯಿಂಗ್ ಮೇಷ್ಟ್ರ ಹೊಟ್ಟೆಯಲ್ಲಿ ಒಂದು ಒಲೆ ಉರಿಯುತ್ತಿತ್ತು. ಗುಮಾಸ್ತರು ಈಗ ಅದಕ್ಕೆ ಸೌದೆ ಒಟ್ಟಿ ಹೋದರು.

ಅದೃಷ್ಟಕ್ಕೆ ಅಂದು ತರಗತಿಯಲ್ಲಿ ಅವರವರ ಮುಖ ಅವರವರೇ ಬರೆಯುವ ಪಾಠವಿತ್ತು. ಮಕ್ಕಳು ಕನ್ನಡಿ ತಂದಿದ್ದರು. ಒಬ್ಬ ಅಪ್ಪನ ಸ್ಕೂಟರಿನದನ್ನೇ ಬಿಚ್ಚಿ ತಂದಿದ್ದ. ತಾನು ಯಾರೆಂದು ತಿಳಿಯಬೇಕಾದರೆ ಮೊದಲು ತನ್ನ ಮುಖವನ್ನು ನಾಚದೆ ನೋಡಬೇಕೆಂದು ಮೇಷ್ಟ್ರು ವಿವರಿಸಿದರು.

"ಇರೋದನ್ನ ಬರೀರಿ. ಇದ್ದಿದ್ರೆ ಚೆನ್ನಾಗಿರ್ತಿತ್ತು ಅನ್ನೋದನ್ನಲ್ಲ."

ಮಕ್ಕಳು ನಂಬಿದರು. ಬಿದ್ದ ಹಲ್ಲಿನ ಜಾಗವನ್ನು ಒಬ್ಬಳು ಬಾಗಿಲಿನಷ್ಟು ಅಗಲ ಬರೆದಳು. ಕಿವಿ ದೊಡ್ಡದೆಂದು ಎಲ್ಲರಿಂದ ರೇಗಿಸಿಕೊಳ್ಳುತ್ತಿದ್ದವನು ಎರಡೂ ಕಿವಿಗಳನ್ನು ಹಾಳೆಯ ಅಂಚಿನವರೆಗೆ ಎಳೆದು, ಅದೇನೋ ಸಮಾಧಾನದಿಂದ ನೋಡುತ್ತ ಕೂತ. ಮೇಷ್ಟ್ರೂ ಮೂಲೆಯಲ್ಲಿ ಹಲಗೆ ನಿಲ್ಲಿಸಿ ತಮ್ಮದನ್ನು ಶುರುಮಾಡಿದರು. ಮುಂದಿನ ಬೆಂಚಿನ ಹುಡುಗಿ ತನ್ನ ಕನ್ನಡಿ ಚಾಚಿದಳು.

"ಸಾರ್, ನಿಮಗೆ ಬೇಡ್ವಾ?"

"ಐವತ್ತು ವರ್ಷದಿಂದ ಹೊತ್ಕೊಂಡು ತಿರುಗ್ತಿರೋ ಮುಖ ಕಣಮ್ಮ. ನಂಗೊತ್ತಿಲ್ವಾ?"

ಬೋಳು ತಲೆ ಚೆನ್ನಾಗಿಯೇ ಬಂತು. ಆದರೆ ಆ ಮೊಳೆಯ ಘನತೆಗೆ ಒಂದಿಷ್ಟು ಕೂದಲಿದ್ದರೆ ತಪ್ಪಿಲ್ಲ ಅನ್ನಿಸಿತು. ನೆಟ್ಟಗಿನ ಕೂದಲು ಪೊರಕೆಯಂತೆ ಕಂಡದ್ದರಿಂದ ತುಸು ಸುರುಳಿ ಸುತ್ತಿದರು. ಎರಡು ಗದ್ದ ದುಂದುಗಾರಿಕೆಯೆನಿಸಿ ಒಂದನ್ನು ಅಳಿಸಿದರು. ಉಳಿದದ್ದು ಬಿಕೋ ಅಂದದ್ದಕ್ಕೆ ನಡುವೆ ಪೆನ್ಸಿಲ್ ಒತ್ತಿದರು. ಕಣ್ಣಿನ ತೇಜಸ್ಸಿಗೆ ಕನ್ನಡಕ ಅಡ್ಡ ಬಂತು, ತೆಗೆದರು. ಕೊನೆಗೆ ಹಿಂದೆ ಸರಿದು ನೋಡಿದರೆ ಮನಸ್ಸು ತುಂಬಿ ಬಂತು. ತಾನು ಒಳಗೊಳಗೇ ಹೀಗಿದ್ದೇನೆಂದು ಅವರಿಗೆ ಮೊದಲಿನಿಂದಲೂ ಗುಮಾನಿಯಿತ್ತು.

ಕೊನೆಯ ಗಂಟೆಯಾದೊಡನೆ ಚಿತ್ರಕ್ಕೆ ಬಟ್ಟೆ ಮುಚ್ಚಿ ಹೆಡ್‌ಮಿಸ್ ಕೋಣೆಗೆ ನುಗ್ಗಿದರು. ಗುಮಾಸ್ತರೂ ಗಣಿತದ ಮೇಷ್ಟ್ರೂ ಅಲ್ಲೇ ಇದ್ದರು. ಸಾಕ್ಷಿಗಳಿದ್ದದ್ದು ಒಳ್ಳೆಯದೇ ಆಯಿತೆಂದು ಬಟ್ಟೆ ಸರಿಸಿದರು.

ಗುಮಾಸ್ತರು ಚಿತ್ರವನ್ನು ನೋಡಿದರು, ಗಣಿತದ ಮೇಷ್ಟ್ರನ್ನು ನೋಡಿದರು, ಮತ್ತೆ ಚಿತ್ರವನ್ನು ನೋಡಿದರು. ಗಣಿತದ ಮೇಷ್ಟ್ರ ಕಣ್ಣು ಒದ್ದೆಯಾಗಿತ್ತು.

"ನನ್ನ ಕಂಡ್ರೆ ನಿಮಗಾಗಲ್ಲ ಅಂದ್ಕೊಂಡಿದ್ದೆ ಸಾರ್. ನನ್ನನ್ನ ಇಷ್ಟು ಚೆನ್ನಾಗಿ ನೋಡಿದೀರಾ?"

ಡ್ರಾಯಿಂಗ್ ಮೇಷ್ಟ್ರು ಆಗ ತಮ್ಮ ಚಿತ್ರವನ್ನು ಸರಿಯಾಗಿ ನೋಡಿದರು. ಗುಂಗುರು ಕೂದಲು ಹಣೆಗೆ ಬಿದ್ದಿತ್ತು. ಗದ್ದದಲ್ಲಿ ಗುಳಿಯಿತ್ತು. ಇದು ನಾನು ಎಂದರೆ ನಿವೃತ್ತಿಯವರೆಗೆ ಶಾಲೆಗೆ ಶಾಲೆಯೇ ನಗುತ್ತದೆ. ಬಾಯಿಗೆ ಬಂದದ್ದನ್ನು ನುಂಗಿಕೊಂಡು, ಏನೋ ಕೈಗೆ ಬಂದಂತೆ ಗೀಚಿದೆ ಎಂದರು.

ಹೆಡ್‌ಮಿಸ್ ಎದ್ದು ನಿಂತರು. "ದೊಡ್ಡ ಮನಸ್ಸು ನಿಮ್ಮದು. ಸ್ಟುಡಿಯೋದವರು ಫೋಟೋದಲ್ಲಿ ಇವರ ತಲೆ ಕತ್ತರಿಸಿ ಬರೀ ಕಪ್ ತೆಗೆದಿದ್ದಾರೆ. ಹೋಗ್ಲಿ, ಆ ಮೊಳೆಗೆ ನಿಮ್ಮ ಚಿತ್ರವನ್ನೇ ಯಾವುದಾದ್ರೂ ಕೇಳೋಣ ಅಂತ ಈಗ ಹೇಳ್ತಿದ್ದೆ. ನೀವು ನೋಡಿದ್ರೆ ಇವರನ್ನೇ ತಂದ್ಬಿಟ್ರಿ."

ಗುಮಾಸ್ತರು ಸ್ಟೂಲು ತಂದಿಟ್ಟರು. ಗಣಿತದ ಮೇಷ್ಟ್ರು ಅದು ಅಲುಗದಂತೆ ಹಿಡಿದುಕೊಂಡರು. ಡ್ರಾಯಿಂಗ್ ಮೇಷ್ಟ್ರು ಹತ್ತಿ ಚಿತ್ರವನ್ನು ಮೊಳೆಗೆ ತೂಗುಹಾಕಿದರು. ಅದು ಒಂದಿಷ್ಟೂ ಓರೆಯಾಗದೆ ಕೂತಿತು.